ಗಾಳಿಯಲ್ಲಿ ನಿಂತ ಹದ್ದು

ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಅರ್ಧ ತಾಸಿನಲ್ಲಿ ಕುಂದಗೋಳ. ಸವಾಯಿ ಗಂಧರ್ವರ ಊರು. ಅವರ ಹತ್ತಿರ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ಲರು ಇದೇ ಹಳಿಯ ಮೇಲೆ ಬಂದು ಹೋಗುತ್ತಿದ್ದರು. ಊರು ದಾಟಿದರೆ ಕಣ್ಣು ಹಾಯುವವರೆಗೂ ಎರೆಹೊಲ. ಹತ್ತಿ, ಮೆಣಸಿನಕಾಯಿ, ಜೋಳ.

ಕಳೆದ ಸೀಗಿಹುಣ್ಣಿಮೆಗೆ ಚರಗ ಚೆಲ್ಲಲು ತಮ್ಮನ ಹೊಲಕ್ಕೆ ಹೋಗಿದ್ದೆವು. ಊಟಕ್ಕೆ ಕುಳಿತಾಗ ಮೊಮ್ಮಗಳು ಕೂಗಿದಳು: "ಅಜ್ಜಾ, ಅಲ್ಲಿ ನೋಡು, ಹಕ್ಕಿ ಗಾಳ್ಯಾಗ ನಿಂತೈತಿ!"

ಅದು ಕಪ್ಪು ರೆಕ್ಕೆಯ ಹದ್ದು. ಮಕ್ಕಳೇ, ಹದ್ದು ಎಂದರೂ ಕಾಗೆಗಿಂತ ಚಿಕ್ಕದು. ಬೂದು ಬೆನ್ನು, ಬಿಳಿ ಹೊಟ್ಟೆ, ಹೆಗಲ ಮೇಲೆ ಕಪ್ಪು ಪಟ್ಟೆ. ಕಣ್ಣು ಮಾತ್ರ ಕೆಂಡದಂತೆ ಕೆಂಪು. ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ನೆಲ ನೋಡುತ್ತದೆ. ಇಲಿ ಕಂಡರೆ ರೆಕ್ಕೆ ಮೇಲೆತ್ತಿ, ಕಾಲು ಇಳಿಬಿಟ್ಟು ಕೆಳಗಿಳಿಯುತ್ತದೆ. ಮಿಡತೆ, ಹಲ್ಲಿಯೂ ಅದಕ್ಕೆ ಊಟವೇ. ಕರೆಂಟಿನ ತಂತಿಯ ಮೇಲೆ ಕುಳಿತಾಗ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ.

ಅದರ ಗೂಡು ಬದುವಿನ ಜಾಲಿಗಿಡದಲ್ಲಿತ್ತು. ಅದೇ ಗಿಡವನ್ನು ತೋರಿಸಿ ತಮ್ಮ ಹೇಳಿದ: "ಅಣ್ಣಾ, ಮುಂದಿನ ವಾರ ಇದನ್ನ ಕಡಸ್ತೀನಿ. ನೆಳ್ಳಿಗೆ ಬೆಳಿ ಏಳವಲ್ದು."

ಅವನ ಮಾತೂ ಸುಳ್ಳಲ್ಲ. ಗಿಡದ ಬುಡದಲ್ಲಿ ಹತ್ತಿ ಮೊಳಕಾಲೆತ್ತರವೂ ಬೆಳೆದಿರಲಿಲ್ಲ. ನಾನು ಸುಮ್ಮನಾದೆ. ಮೊಮ್ಮಗಳು ಮಾತ್ರ ಗಿಡದಿಂದ ದೂರ ಕುಳಿತು ಲೆಕ್ಕ ಹಿಡಿದಳು. ನಾವು ಮನೆಗೆ ಹೊರಡುವುದರೊಳಗೆ ಗಂಡುಹಕ್ಕಿ ಮೂರು ಇಲಿ ತಂದಿತ್ತು. ಹೆಣ್ಣು ಗೂಡು ಬಿಟ್ಟು ಬಂದು ಇಸಿದುಕೊಂಡು ಹೋಗಿ ಮರಿಗಳಿಗೆ ತಿನ್ನಿಸುತ್ತಿತ್ತು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಕೂದಲು ನರೆತವನು ನಾನು. ತಮ್ಮನಿಗೆ ಹೇಳಿದೆ: "ನೆಳ್ಳಿನ ಖರ್ಚು ಅಷ್ಟ ಬರದೀಯಪಾ. ಇಲಿ ತಿಂದದ್ದನ್ನ ಜಮಾ ಕಡೆ ಬರಿಯಾವ್ರು ಯಾರು? ನೀ ಇಲಿಗೆ ವಿಷ ಇಟ್ಟರ, ಆ ಇಲಿ ತಿಂದ ಹಕ್ಕೀಗೂ ಅಪಾಯ. ಈ ಹಕ್ಕಿ ಪಗಾರ ಕೇಳಂಗಿಲ್ಲ."

ತಮ್ಮ ನಕ್ಕ. "ಮರಿ ಹಾರಿ ಹೋಗ್ಲಿ, ಆಮ್ಯಾಲೆ ನೋಡೂಣು" ಎಂದ.

ಎಳ್ಳಮಾವಾಸ್ಯೆಗೆ ಮತ್ತೆ ಹೋದೆವು. ಗೂಡು ಬರಿದಾಗಿತ್ತು. ತಂತಿಯ ಮೇಲೆ ಕಂದು ಛಾಯೆಯ ಎಳೆಯ ಹದ್ದೊಂದು ಬಾಲ ಆಡಿಸುತ್ತ ಕುಳಿತಿತ್ತು. ಗಿಡ ಇನ್ನೂ ಇತ್ತು. ನೆರಳು ಬೀಳುವ ಕಡೆಯ ಒಂದೆರಡು ಟೊಂಗೆಗಳನ್ನಷ್ಟೇ ತಮ್ಮ ಸವರಿದ್ದ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದರ ನೆರಳಿನಲ್ಲೇ ಕುಳಿತು ಸಜ್ಜಿರೊಟ್ಟಿ ತಿಂದೆವು.