ಹತ್ತೊಂಬತ್ತನೇ ಗೇಟು, ನಾಲ್ಕನೇ ಕಿಂಡಿ

2024ರ ಮಳೆಗಾಲ ಉತ್ತರ ಕನ್ನಡದವರಿಗೆ ಉಸಿರು ಬಿಡಲು ಪುರುಸೊತ್ತು ಕೊಡಲಿಲ್ಲ. ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿತು. ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿದ್ದ ಆ ಮಣ್ಣಿನ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೆ ನುಗ್ಗಿತು. ಆ ಕೆಸರು ಇನ್ನೂ ಆರಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಒಂದರ ಸುಮಾರಿಗೆ ಕಾರವಾರ–ಸದಾಶಿವಗಡ ನಡುವಿನ ಕಾಳಿ ಹಳೇ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ಹೊಳೆಗೆ ಬಿತ್ತು, ಚಾಲಕ ಮಾತ್ರ ಪುಣ್ಯಕ್ಕೆ ಬದುಕಿ ಬಂದ. ಇನ್ನೇನು ಬಾಕಿ ಉಳಿದಿದೆ ಎಂದು ನಾವು ಕೇಳಿಕೊಳ್ಳುತ್ತಿರುವಾಗಲೇ ಶನಿವಾರ, ಆಗಸ್ಟ್ 10ರ ರಾತ್ರಿ, ಘಟ್ಟದ ಮೇಲೆ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೇ ಗೇಟಿನ ಸರಪಳಿ ತುಂಡಾಯಿತು.

ಹನ್ನೊಂದು ಗಂಟೆಯ ಸುಮಾರು. ಡ್ಯಾಮು ತುಂಬಿ ತುಳುಕುವಂತಿದೆ, 105 ಟಿಎಂಸಿ ಚಿಲ್ಲರೆ ನೀರು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಕಬ್ಬಿಣದ ಬಾಗಿಲು ಕೊಂಡಿ ಕಳಚಿದ್ದೇ ತಡ ಹೊಳೆಪಾಲಾಯಿತು. 33 ಗೇಟುಗಳ ಸಾಲಿನಲ್ಲಿ ಒಂದು ಹಲ್ಲು ಉದುರಿ, ಆ ಸಂದಿಯಿಂದ ನೀರು ಗುಡುಗುತ್ತ ಹೊರಬಿತ್ತು. ಕಾವಲಿಗಿದ್ದವರು ಓಡಿದರು, ಫೋನುಗಳು ಹೊಡೆದುಕೊಂಡವು, ನದಿಪಾತ್ರದ ಊರುಗಳಿಗೆ ರಾತ್ರೋರಾತ್ರಿ ಎಚ್ಚರಿಕೆ ಹೋಯಿತು. ಒಂದೇ ಕಡೆ ಬೀಳುವ ಒತ್ತಡ ಹಂಚಿಹೋಗಲಿ ಎಂದು ಉಳಿದ ಗೇಟುಗಳನ್ನೂ ಎತ್ತಿದರು. ಸುಮಾರು ಲಕ್ಷ ಕ್ಯೂಸೆಕ್ ನೀರು ಕೆಳಗೆ ಧುಮುಕತೊಡಗಿತು. ಸುತ್ತಲ ಜಿಲ್ಲೆಗಳ ಭತ್ತ, ಗಡಿಯಾಚೆಯ ಆಂಧ್ರ, ತೆಲಂಗಾಣದ ಪೈರು, ಎಲ್ಲವೂ ನಂಬಿಕೊಂಡಿದ್ದ ನೀರು ಅದು. ಉಳಿಸಿಕೊಳ್ಳಲು ಕಾಯುತ್ತಿದ್ದವರು ತಾವೇ ಕೈಯಾರೆ ಚೆಲ್ಲಬೇಕಾಯಿತು.

ಮೊದಲು ಎದ್ದ ಮಾತು, ಡ್ಯಾಮು ಅರ್ಧಕ್ಕಿಂತ ಹೆಚ್ಚು ಖಾಲಿಯಾಗದೆ ರಿಪೇರಿ ಸಾಧ್ಯವಿಲ್ಲ ಎಂಬುದು. ಖಾಲಿಯಾದರೆ ಆ ವರ್ಷದ ಬೆಳೆಗೆ ಎಳ್ಳುನೀರು. ಆಗ ಬಂದವರು ಕನ್ನಯ್ಯ ನಾಯ್ಡು. ಡ್ಯಾಮಿನ ಗೇಟುಗಳ ಕೆಲಸದಲ್ಲೇ ಜೀವ ಸವೆಸಿದವರು, ವಯಸ್ಸು ಎಂಬತ್ತರ ಆಸುಪಾಸು. ಹರಿಯುವ ನೀರಿನಲ್ಲೇ ಬಾಗಿಲು ಹಾಕೋಣ, ಇಡೀ ಬಾಗಿಲಲ್ಲ, ತುಂಡುತುಂಡಾಗಿ, ಎಂದು ಅವರ ಲೆಕ್ಕ. ಅರವತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಐದು ತುಂಡುಗಳು. ಒಂದರ ಮೇಲೊಂದು ಕೂರಿಸಿದರೆ ಇಪ್ಪತ್ತು ಅಡಿ. ಇಂಜಿನಿಯರುಗಳ ಬಾಯಲ್ಲಿ ಅದು ಸ್ಟಾಪ್‌ಲಾಗ್.

ಹೊಸಪೇಟೆಯ ಸುತ್ತಮುತ್ತ ವೆಲ್ಡಿಂಗ್ ಕಿಡಿ ಹಗಲು ರಾತ್ರಿ ಹಾರಿತು. ಕ್ರೇನುಗಳು ಡ್ಯಾಮಿನ ಮೇಲೇರಿದವು. ಉಪಮುಖ್ಯಮಂತ್ರಿ ಬಂದರು, ಮುಖ್ಯಮಂತ್ರಿ ಬಂದರು, ಕ್ಯಾಮೆರಾಗಳಂತೂ ನೊಣದ ಹಾಗೆ ಮುತ್ತಿದವು. ಇಳಿಸುವ ಮೊದಲ ಯತ್ನ ಕೈಕೊಟ್ಟಿತು, ಮೇಲಿನ ತೊಲೆಗಳೇ ಅಡ್ಡ ಬಂದವು. ಅವನ್ನು ಕತ್ತರಿಸಿ ಮತ್ತೆ ಎತ್ತಿದರು. ಕೆಳಗೆ ನೀರಿನ ಬಾಯಿ, ಮೇಲೆ ತಂತಿಗೆ ತೂಗುವ ಟನ್ನುಗಟ್ಟಲೆ ಕಬ್ಬಿಣ, ಅದರ ಅಂಚು ಹಿಡಿದು ಸರಿಮಾಡುತ್ತ ನಿಂತ ಕೆಲಸಗಾರರು. ಒಂದು ಗೇಣು ಆಚೀಚೆ ಆದರೆ ತುಂಡು ಸಿಕ್ಕಿಕೊಳ್ಳುತ್ತದೆ, ಹರಿವು ಎಳೆದರೆ ತಂತಿಯೂ ತಡೆಯಲಾರದು. ಆಗಸ್ಟ್ 16ರ ಸಂಜೆ ಮೊದಲ ತುಂಡು ತಳದಲ್ಲಿ ಕೂತಿತು. ಮರುದಿನ ಉಳಿದವು. ಹೋದ ನೀರು ಹೋಯಿತು, ಉಳಿದದ್ದು ಉಳಿಯಿತು, ಆಮೇಲೆ ಮತ್ತೆ ಮಳೆ ಬಂದು ಡ್ಯಾಮು ತುಂಬಿತು.

ನಮ್ಮ ಹಳ್ಳಿಯಲ್ಲಿ ಇದನ್ನೆಲ್ಲ ಟಿವಿಯಲ್ಲಿ ನೋಡುತ್ತ ಕೂತಿದ್ದವರ ಪೈಕಿ ಒಬ್ಬರು ಹಿರಿಯರಿದ್ದರು. ಊರಿಗೆಲ್ಲ ಅವರು ಮಾವ. ಮೊದಲ ತುಂಡು ಇಳಿದಾಗ ಕವಳದ ಬಾಯಿ ತೆರೆದು, “ಇದೆಂತದಾ ಸ್ಟಾಪ್‌ಲಾಗು? ನಮ್ಮ ಹಲಗಿನೇ ಅಲ್ಲನಾ ಇದು?” ಎಂದರು. ನಾವು ನಕ್ಕೆವು. ಅವರು ನಗಲಿಲ್ಲ.

ಹಲಗೆ ಎಂದರೆ ಕಿಂಡಿ ಅಣೆಕಟ್ಟಿನ ಹಲಗೆ. ಕರಾವಳಿಯ ಹಳ್ಳಗಳಿಗೆ ಅಡ್ಡ ಸಾಲಾಗಿ ಕಾಂಕ್ರೀಟು ಕಂಬ, ಕಂಬಗಳ ನಡುವೆ ಕಿಂಡಿ, ಕಂಬದ ಮೈಯಲ್ಲಿ ಮೇಲಿಂದ ಕೆಳಗಿನ ತನಕ ಸೀಳು. ಮಳೆ ಹಿಂದೆ ಸರಿದ ಮೇಲೆ, ನವೆಂಬರ್–ಡಿಸೆಂಬರ್ ಹೊತ್ತಿಗೆ, ಆ ಸೀಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜಿಗಟು ಮಣ್ಣು ತುಂಬಿ ತುಳಿಯುತ್ತಾರೆ. ಹಳ್ಳ ನಿಲ್ಲುತ್ತದೆ. ಅಕ್ಕಪಕ್ಕದ ಬಾವಿಗಳಲ್ಲಿ ನೀರು ಇಳಿಯುವುದಿಲ್ಲ, ಅಡಿಕೆ, ತೆಂಗು, ಶೇಂಗಾ ಗದ್ದೆ ಎಲ್ಲ ಏಪ್ರಿಲ್ ದಾಟುತ್ತವೆ. ಸಮುದ್ರಕ್ಕೆ ಹತ್ತಿರದ ಕಡೆ ಇನ್ನೊಂದು ಲಾಭ, ಭರತದ ಉಪ್ಪುನೀರು ಮೇಲೆ ಹತ್ತುವುದಿಲ್ಲ. ಮಳೆಗೆ ಮೊದಲು ಹಲಗೆ ಅಷ್ಟನ್ನೂ ತೆಗೆದು ಜೋಡಿಸಿಡಬೇಕು. ಅಂದರೆ ವರ್ಷಕ್ಕೊಮ್ಮೆ ಕಟ್ಟಿ ವರ್ಷಕ್ಕೊಮ್ಮೆ ಬಿಚ್ಚುವ ಅಣೆಕಟ್ಟು ಇದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಷ್ಯನ್ ನದಿಗೂ ಬೇಸಿಗೆಗೆಂದು ಹೀಗೇ ಅಣೆ ಕಟ್ಟಿ ಬಿಚ್ಚುತ್ತಿದ್ದರು, ಅಲ್ಲಿ ಜನ ಈಜಲಿ, ದೋಣಿ ನಡೆಸಲಿ ಎಂದು. ಉದ್ಯಾನಗಳನ್ನು ನೋಡಿಕೊಳ್ಳುವ ಸ್ಥಳೀಯ ಮಂಡಳಿಯದೇ ಆ ಉಸ್ತುವಾರಿಯಾಗಿತ್ತು. ನಮ್ಮಲ್ಲಿ ಈಜು ಮಕ್ಕಳಿಗೆ ಪುಕ್ಕಟೆ ಸಿಗುವ ಲಾಭ. ಉಸ್ತುವಾರಿಯೋ, ಕಾಗದದಲ್ಲಿ ಇರುತ್ತದೆ. ಹೊಳೆಗಿಳಿಯುವುದು ಮಾತ್ರ ಮಾವನಂಥವರು.

ಯಾವಾಗ ತೆಗೆಯಬೇಕು ಎಂಬುದರಲ್ಲೇ ಇದರ ಪ್ರಾಣ ಇದೆ. ಅಂಕೋಲೆಯ ಬಂಡಿಹಬ್ಬ ಮುಗಿದ ಮಾರನೇ ದಿನ ಕೈ ಹಾಕಬೇಕು ಎಂಬುದು ಮಾವನ ಪಂಚಾಂಗ. 2025ರಲ್ಲಿ ಹಬ್ಬದ ಹುಣ್ಣಿಮೆ ಬಂದದ್ದು ಮೇ 12ಕ್ಕೆ. ಆದರೆ ಬಿಸಿಲು ಸುಡುತ್ತಿತ್ತು, ತೋಟದವರು ಇನ್ನೊಂದು ಎಂಟು ದಿನ ನೀರು ಇರಲಿ ಎಂದರು. ನಮ್ಮಲ್ಲಿ ಮಳೆಗಾಲ ಹಿಡಿಯುವುದು ಜೂನ್ ಮೊದಲ ವಾರ ತಾನೇ? ಆ ವರ್ಷ ಅದು ಕಾಯಲಿಲ್ಲ. ಮೇ ಮೂರನೇ ವಾರವೇ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು ಕರಾವಳಿಗೆ ರೆಡ್ ಅಲರ್ಟ್ ಬಂತು. ಮೇ 24ರಂದು ಮುಂಗಾರು ಕೇರಳಕ್ಕೆ ಕಾಲಿಟ್ಟಿತು, ವಾಡಿಕೆಗಿಂತ ಎಂಟು ದಿನ ಮುಂಚೆ. ತುಂಗಭದ್ರೆಯ ಗೇಟು ಹೋದ ದಿನದ ಹಾಗೆ ಅದೂ ಶನಿವಾರವೇ. ಫೋನು ಮಾಡಿದ ಕಡೆಯಲ್ಲೆಲ್ಲ ಸೋಮವಾರ ನೋಡೋಣ ಎಂಬ ಉತ್ತರ.

ಮಾವ ಸೋಮವಾರಕ್ಕೆ ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹತ್ತಾರು ಜನ ದಂಡೆಯಲ್ಲಿದ್ದೆವು. ಹಾರೆ, ಕೊಡಲಿ, ಕಬ್ಬಿಣದ ಕೊಕ್ಕೆ, ದೋಣಿಗೆ ಕಟ್ಟುವ ದಪ್ಪ ಹಗ್ಗ. ಹಳ್ಳದ ನೀರು ಆಗಲೇ ಚಹಾದ ಬಣ್ಣಕ್ಕೆ ತಿರುಗಿತ್ತು. ಗಂಗಾವಳಿಗೆ ಸೇರುವ ಪುಟ್ಟ ಹಳ್ಳವೇ, ಆದರೆ ಮೇಲೆ ಗುಡ್ಡದಲ್ಲಿ ಎಷ್ಟು ಸುರಿದಿದೆ ಎಂದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ.

ಕಿಂಡಿ ಏಳಿದ್ದವು. ದಂಡೆಯ ಕಡೆಯದನ್ನು ಮುಟ್ಟಲೇಬೇಡಿ, ನಡುವಿನ ನಾಲ್ಕನೇ ಕಿಂಡಿಯಿಂದ ಶುರು, ಎಂದರು ಮಾವ. ಕಾರಣ ಸರಳ. ದಂಡೆಯ ಕಿಂಡಿ ಮೊದಲು ಬಿಚ್ಚಿದರೆ ನೀರು ದಂಡೆಯನ್ನೇ ಕೊರೆಯುತ್ತದೆ, ನಡುವೆ ಬಿಚ್ಚಿದರೆ ಹೊಳೆ ನಡುವೆಯೇ ಓಡುತ್ತದೆ. ಹಲಗೆ ತೆಗೆಯುವುದೂ ಮೇಲಿನಿಂದಲೇ. ಎರಡು ಮೀಟರು ನೀರು ನಿಂತಿದ್ದರೆ ತಳದಲ್ಲಿ ಚದರ ಮೀಟರಿಗೆ ಎರಡು ಟನ್ ಒತ್ತಡ. ಒಂದಡಿ ಅಗಲ, ಎರಡು ಮೀಟರು ಉದ್ದದ ಕೆಳಹಲಗೆಯನ್ನು ಒಂದು ಟನ್ನಿಗೂ ಮಿಕ್ಕಿದ ಭಾರ ಕಂಬಕ್ಕೆ ಒತ್ತಿ ಹಿಡಿದಿರುತ್ತದೆ. ಅದನ್ನು ಯಾವ ಭೀಮನೂ ಎತ್ತಲಾರ. ಮೇಲಿನದು ತೆಗೆದಂತೆ ನೀರು ಇಳಿಯಬೇಕು, ಇಳಿದಂತೆ ಕೆಳಗಿನದು ಸಡಿಲಾಗಬೇಕು. ಆ ದಿನ ನೀರು ಇಳಿಯುವ ಬದಲು ಏರುತ್ತಿತ್ತು.

ಕೊಕ್ಕೆ ಹಾಕಿ, ಹಾರೆ ಮೀಟಿ, ಹುಯ್ಯಾ ಎಂದು ಎಳೆದೆವು. ಮೊದಲ ಹಲಗೆ ಕಿರುಚುತ್ತ ಮೇಲೆ ಬಂತು. ಎರಡನೆಯದು. ಮೂರನೆಯದು. ನಡುವಿನ ಮಣ್ಣು ಕುಸಿದು ನೀರು ಮಣ್ಣು ಸಮೇತ ಧುಮುಕಿತು, ಕಾಲ ಕೆಳಗಿನ ಕಾಂಕ್ರೀಟು ಪಟ್ಟಿ ನಡುಗತೊಡಗಿತು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳದು. ಮೂರನೇ ಕಿಂಡಿ ಬಿಚ್ಚಿತು. ಐದನೆಯದಕ್ಕೆ ಕೈ ಹಾಕಿದ್ದೇವೆ, ಮೇಲಿನಿಂದ ಬೇರುಸಮೇತ ಒಂದು ಮರ ತೇಲಿ ಬಂತು. ಅಡಿಕೆ ಸೋಗೆ, ಬಿದಿರು, ಸತ್ತ ಹಂದಿಮರಿ, ಎಲ್ಲವನ್ನೂ ಕಟ್ಟಿಕೊಂಡು ಬಂದು ಐದನೇ ಕಿಂಡಿಗೆ ಅಡ್ಡ ಕೂತಿತು. ನೋಡನೋಡುತ್ತ ನೀರು ಗೇಣು ಏರಿತು. ಎಡದಂಡೆಯ ಗೋಡೆಯ ಹಿಂದೆ, ತೋಟದ ಬದಿಯಲ್ಲಿ, ಬೆರಳು ದಪ್ಪದ ಒಂದು ತೊರೆ ಹರಿಯಲು ಶುರುವಾಯಿತು.

ಮರವನ್ನು ಬಿಟ್ಟು ಎಲ್ಲರೂ ಆ ತೊರೆಯನ್ನೇ ನೋಡಿದರು. ಕಿಂಡಿ ಅಣೆಕಟ್ಟು ಮುರಿಯುವುದು ಹಾಗೆಯೇ. ಕಾಂಕ್ರೀಟು ಗಟ್ಟಿಯಾಗಿ ನಿಂತಿರುತ್ತದೆ, ನೀರು ಸುತ್ತು ಹಾಕಿ ಮಣ್ಣು ತಿಂದು ಹೊಸ ದಾರಿ ಮಾಡಿಕೊಳ್ಳುತ್ತದೆ. ಮಳೆಗಾಲ ಮುಗಿದಾಗ ಒಣನೆಲದ ಮೇಲೆ ಅಣೆಕಟ್ಟು, ಅದರ ಪಕ್ಕದಲ್ಲಿ ಹಳ್ಳ!

“ಕಡೀರಾ ಹಲಗೀನಾ!” ಮಾವ ಕೂಗಿದರು. ಇಪ್ಪತ್ತರ ಹರೆಯದ ಹುಡುಗನೊಬ್ಬ ಕೊಡಲಿ ಹಿಡಿದು ಐದನೇ ಕಿಂಡಿಯ ಮೇಲೆ ಬಾಗಿದ. ಅವನ ಸೊಂಟಕ್ಕೆ ಹಗ್ಗ ಬಿಗಿದಿದ್ದರು. ಬೇಡ ಎಂದು ಅವನು ಹಟ ಮಾಡಿದ್ದ, ಮಾವ ಬೈದು ಕಟ್ಟಿಸಿದ್ದರು. ಮೂರ್ನಾಲ್ಕು ಏಟು ಬಿತ್ತು. ಹಲಗೆ ಒಡೆಯಿತು, ಒಡೆದದ್ದೇ ಬಂದೂಕಿನಿಂದ ಹೊರಟಂತೆ ಸಿಡಿಯಿತು. ಮರ ಹೊರಳಿತು. ಅದರ ಟೊಂಗೆ ಹುಡುಗನ ಮೊಣಕಾಲಿಗೆ ತಾಗಿತು.

ಅವನು ಇರಲಿಲ್ಲ.

ಹಗ್ಗ ನಮ್ಮ ಅಂಗೈ ಸುಡುತ್ತ ಓಡಿತು, ಬಿಗಿಯಿತು. ಕೆಳಗಡೆ ನೊರೆಯಲ್ಲಿ ಒಂದು ಕೈ ಕಂಡಿತು, ಮುಳುಗಿತು. ನಾವು ಜೀವ ಬಿಟ್ಟು ಎಳೆದೆವು. ಎಳೆದಷ್ಟೂ ಅವನು ನೀರೊಳಗೆ ಹೋಗುತ್ತಿದ್ದ. ಹರಿವಿಗೆ ಎದುರಾಗಿ ಎಳೆದರೆ ನೀರು ಬೆನ್ನ ಮೇಲೆ ಹತ್ತಿ ಮನುಷ್ಯನನ್ನು ಕೆಳಗೆ ಒತ್ತುತ್ತದೆ ಎಂಬುದು ಆ ಗಳಿಗೆಯಲ್ಲಿ ನಮ್ಮ ತಲೆಗೆ ಹೊಳೆಯಲಿಲ್ಲ.

“ಎಳೀಬೇಡ್ರಾ! ಬಿಡಿ, ಹಗ್ಗ ಬಿಡಿ! ದಂಡಿಗೆ ಓಡಿ!”

ಮಾವ ಹಗ್ಗದ ತುದಿಯನ್ನು ಕಸಿದುಕೊಂಡು ಪಟ್ಟಿಯ ಮೇಲೆ ಬರಿಗಾಲಲ್ಲಿ ಓಡಿದರು. ಎಪ್ಪತ್ತು ದಾಟಿದ ಮನುಷ್ಯ! ನಾವು ಹಿಂದೆ. ಬಲದಂಡೆಗೆ ಇಳಿದು, ಕೆಸರಲ್ಲಿ ಜಾರಿ ಎದ್ದು, ಕೆಳಕ್ಕೆ ಕೆಳಕ್ಕೆ ಹೋಗಿ ಒಂದು ತೆಂಗಿನ ಬುಡಕ್ಕೆ ಹಗ್ಗ ಸುತ್ತಿದರು. ಸಡಿಲವಾದ ಹಗ್ಗ ಹುಡುಗನನ್ನು ಸುಳಿಯಿಂದ ಬಿಡಿಸಿ ಹರಿವಿಗೆ ಕೊಟ್ಟಿತು. ತೆಂಗಿನ ಬುಡದಲ್ಲಿ ಮತ್ತೆ ಬಿಗಿದಾಗ ಹರಿವೇ ಅವನನ್ನು ಅರ್ಧ ಸುತ್ತು ತಿರುಗಿಸಿ ನಮ್ಮ ದಂಡೆಯ ಕಡೆ ತಂದು ಎಸೆಯಿತು. ಮುಂಡಿಗೆ ಹಿಂಡಿನ ನಡುವೆ ಮುಳ್ಳು ಲೆಕ್ಕಿಸದೆ ನುಗ್ಗಿ ಕೂದಲು ಹಿಡಿದು ಎಳೆದೆವು. ಮಗುಚಿ ಹಾಕಿ ಬೆನ್ನು ಗುದ್ದಿದರು. ಕೆಸರುನೀರು ಕಾರಿದ, ಕೆಮ್ಮಿದ, ಕಣ್ಣು ಬಿಟ್ಟ. ಮೊದಲ ಮಾತು, “ಕೊಡಲಿ ಹೋಯ್ತು.”

ಮಾವ ಅವನ ಕೆನ್ನೆಗೆ ಒಂದು ಬಾರಿಸಿದರು. ಆಮೇಲೆ ಅವರದೇ ಕೈ ನಡುಗಲು ಹತ್ತಿತು.

ಹಲಗೆ ಕಡಿದ ಕಿಂಡಿಯಲ್ಲಿ ಮರ ನುಸುಳಿ ಹೋಗಿತ್ತು. ನೀರು ಇಳಿಯಿತು. ತೋಟದ ಬದಿಯ ತೊರೆ ಮೊಣಕೈ ಅಗಲಕ್ಕೆ ಬೆಳೆದಿದ್ದದ್ದು ಅಲ್ಲಿಗೇ ನಿಂತಿತು, ಹೆಂಗಸರು ಗೋಣಿಚೀಲದಲ್ಲಿ ಮಣ್ಣು ತುಂಬಿ ಹೊತ್ತು ತಂದು ಅದರ ಬಾಯಿ ಮುಚ್ಚಿದರು. ಉಳಿದ ಎರಡು ಕಿಂಡಿಗಳನ್ನು ಟಾರ್ಚ್ ಬೆಳಕಲ್ಲಿ ಬಿಚ್ಚಿದೆವು. ದಂಡೆಗೆ ತಾಗಿದ ಎರಡನ್ನು ಹಾಗೇ ಬಿಟ್ಟೆವು.

ಕನ್ನಯ್ಯ ನಾಯ್ಡು ಅವರ ಕೆಲಸವನ್ನು ನಾಡೇ ಕೊಂಡಾಡಿತು, ಕೊಂಡಾಡಲೇಬೇಕಿತ್ತು. ನಮ್ಮ ಹಳ್ಳದ ಕಡೆ ಕ್ಯಾಮೆರಾ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ನನಗೆ ತಕರಾರು ಇರುವುದು ಬೇರೆ ಕಡೆ. ಕಾಂಕ್ರೀಟಿಗೆ ದುಡ್ಡು ಹುಟ್ಟುತ್ತದೆ, ಉದ್ಘಾಟನೆಗೆ ರಿಬ್ಬನ್ ಹುಟ್ಟುತ್ತದೆ. ಹಲಗೆ ತೆಗೆಯುವ ದಿನದ ಕೂಲಿಗೆ, ಒಂದು ಲೈಫ್ ಜಾಕೆಟಿಗೆ, ತುಕ್ಕು ಹಿಡಿಯದ ನಾಲ್ಕು ಕೊಕ್ಕೆಗೆ ಮಾತ್ರ ಯಾವ ಕಾಲಂನಲ್ಲೂ ಜಾಗ ಇರುವುದಿಲ್ಲ. ಈಗ ಕೆಲವು ಕಡೆ ಫೈಬರ್ ಹಲಗೆ ಬಂದಿವೆ. ಹಗುರ, ಗೆದ್ದಲು ಹಿಡಿಯುವುದಿಲ್ಲ. ಆದರೆ ಯಾವ ದಿನ ತೆಗೆಯಬೇಕು ಎಂದು ಹಲಗೆ ತಾನಾಗಿ ಹೇಳುವುದಿಲ್ಲವಲ್ಲ.

ಮಳೆ ಬಿಡುವು ಕೊಟ್ಟ ದಿನ ಹಲಗೆ ಎಣಿಸಿದರು. ಕಡಿದದ್ದು, ತೇಲಿಹೋದದ್ದು ಸೇರಿ ಒಂಬತ್ತು ಕಮ್ಮಿ. ಬರೆದುಕೊಳ್ಳಲು ಬಂದವರು ಒಂಬತ್ತು ಹಲಗೆ ಎಲ್ಲಿ ಎಂದು ಕೇಳಿದರು. ಮಾವ ಆ ಹುಡುಗನನ್ನು ತೋರಿಸಿ, “ಅವ್ನ ಲೆಕ್ಕಕ್ಕೆ ಬರ್ಕಳಿ, ಕೊಡ್ಲಿದು ಬೇರೆ” ಎಂದು ಕವಳದ ಚೀಲ ಬಿಚ್ಚಿದರು.