ಟೋರ್ಗೌವಿನ ಗಾನಗ್ರಂಥ

ಜರ್ಮನಿಯ ಎಲ್ಬ ನದಿಯ ದಂಡೆಯಲ್ಲಿ ಟೋರ್ಗೌ ಎಂಬ ಪಟ್ಟಣವಿದೆ. ಅಲ್ಲಿಯ ಅರಮನೆಯೊಳಗಿನ ಇಗರ್ಜಿಯನ್ನು 1544ರ ಅಕ್ಟೋಬರ್ 5ರಂದು ಮಾರ್ಟಿನ್ ಲೂಥರನೇ ಉಪದೇಶಗೈದು ಪ್ರತಿಷ್ಠಾಪಿಸಿದನು.

ಕಟ್ಟಡಕ್ಕೆ ತಕ್ಕ ಹಾಡು ಬೇಡವೇ? ಆ ಹೊಣೆ ಯೋಹಾನ್ ವಾಲ್ಟರನದಾಯಿತು. ಈತನು ಊರಿನ ಲ್ಯಾಟಿನ್ ಶಾಲೆಯಲ್ಲಿ ಹುಡುಗರಿಗೆ ಸಂಗೀತ ಕಲಿಸುತ್ತಿದ್ದ ಉಪಾಧ್ಯಾಯ. (ನಮ್ಮ ವೃತ್ತಿಯವನೆಂದು ನನಗೆ ತುಸು ಹೆಮ್ಮೆ!) ಪ್ರತಿಷ್ಠೆಗೆಂದು ಏಳು ದನಿಗಳ ಗೀತವನ್ನು ರಚಿಸಿದ ಇವನ ಕೈಕೆಳಗೆ 1545ರಲ್ಲಿ ಅದೇ ಇಗರ್ಜಿಗಾಗಿ ಕೈಬರಹದ ಗಾನಗ್ರಂಥವೊಂದು ಸಿದ್ಧವಾಯಿತು. ಅಂದಿನ ಇಂತಹ ಗ್ರಂಥಗಳ ರೀತಿಯೇ ಬೇರೆ. ತೆರೆದಿಟ್ಟ ಎರಡು ಪುಟಗಳಲ್ಲಿ ಒಂದೊಂದು ದನಿಯ ಪಾಲನ್ನು ಬೇರೆ ಬೇರೆಯಾಗಿ ಬರೆದಿರುತ್ತಿತ್ತು. ಬಾಲಕರ ತಾರದನಿ ಒಂದು ಮೂಲೆಯಲ್ಲಿ, ಹಿರಿಯರ ಮಂದ್ರ ಇನ್ನೊಂದರಲ್ಲಿ. ಮೇಳದವರೆಲ್ಲ ಆ ಒಂದೇ ಪುಸ್ತಕದ ಮುಂದೆ ಗುಂಪಾಗಿ ನಿಂತು, ತಮ್ಮ ತಮ್ಮ ಮೂಲೆಯನ್ನು ನೋಡಿ ಹಾಡಬೇಕು. ಪುಟ ತಿರುವಿದರೆ ಎಲ್ಲರಿಗೂ ಒಮ್ಮೆಗೇ ತಿರುವಿದಂತೆ.

ಎರಡೇ ವರ್ಷಗಳಲ್ಲಿ, 1547ರ ಮ್ಯೂಲ್‌ಬರ್ಗ್ ಕಾಳಗದಲ್ಲಿ, ಇಗರ್ಜಿ ಕಟ್ಟಿಸಿದ ಅರಸ ಯೋಹಾನ್ ಫ್ರೀಡ್ರಿಕನು ಸೆರೆಯಾದನು. ಟೋರ್ಗೌ ದಾಯಾದಿ ಮೋರಿಟ್ಸನ ಪಾಲಾಯಿತು. ವಾಲ್ಟರನು ಹೊಸ ಅರಸನ ಸೇವೆಗೆ ಡ್ರೆಸ್ಡೆನ್‌ಗೆ ಹೋದರೂ 1554ರಲ್ಲಿ ಟೋರ್ಗೌವಿಗೇ ಮರಳಿ, 1570ರಲ್ಲಿ ಅಲ್ಲಿಯೇ ತೀರಿಕೊಂಡನು. ಇಗರ್ಜಿ ಇಂದಿಗೂ ಅಲ್ಲಿದೆ. ಗ್ರಂಥವಿರುವುದು ದೂರದ ಗೋಥಾ ಪಟ್ಟಣದ ಗ್ರಂಥಾಲಯದಲ್ಲಿ.