ಸೈನ್ ಮಾಡೋಕೆ ಮುಂಚೆ ಒಂದು ಬಕೆಟ್ ನೀರು

ಹೊಸ ಫ್ಲ್ಯಾಟ್‌ನ ಕೀ ಕೊಡೋ ಮುಂಚೆ ಬಿಲ್ಡರ್ ಕಡೆಯವರು ಸಾಮಾನ್ಯವಾಗಿ ಒಂದು ಕಾಗದಕ್ಕೆ ಸೈನ್ ಹಾಕಿಸಿಕೊಳ್ತಾರೆ. ಮನೆ ನೋಡಿದ್ದೇವೆ, ಎಲ್ಲ ಸರಿಯಾಗಿದೆ ಅನ್ನೋದು ಅದರ ಸಾರಾಂಶ. ಈ ಜೂನ್ ತಿಂಗಳಲ್ಲಿ ಅಂಥದ್ದೊಂದು ಕಾಗದ ನಮ್ಮ ಮನೆಗೂ ಬಂತು. ಹದಿನೆಂಟು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಮನೆಗಳಲ್ಲೇ ಇದ್ದವರು ನಾವು. ಅಪ್ಪನ ಪಿಎಫ್ ದುಡ್ಡು, ಅಮ್ಮನ ಎರಡು ಬಳೆ, ಇಪ್ಪತ್ತು ವರ್ಷದ ಸಾಲ, ಎಲ್ಲ ಸೇರಿ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಮನೆ. ಆಷಾಢ ಬರೋಕೆ ಮೂರು ವಾರ ಇತ್ತು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು, ನೆಂಟರಿಗೆ ಫೋನೂ ಹೋಗಿತ್ತು. ಹಾಗಾಗಿ ಸೈನ್ ಮಾಡಿ ಕೀ ಇಸ್ಕೊಳ್ಳೋದೊಂದೇ ಬಾಕಿ ಅನ್ನೋ ಲೆಕ್ಕದಲ್ಲಿದ್ವಿ.

ಬೇಡ, ಮೊದಲು ಚೆಕ್ ಮಾಡೋಣ ಅಂದಿದ್ದು ಅಮ್ಮನ ತಮ್ಮ, ನಮ್ಮ ಮಾವ. ಹಾಸನದ ಕಡೆ ಇಪ್ಪತ್ತೈದು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ ಅವರು. ದುಡ್ಡು ತಗೊಂಡು ಮನೆ ಇನ್‌ಸ್ಪೆಕ್ಷನ್ ಮಾಡಿಕೊಡೋ ಕಂಪನಿಗಳೂ ಬೆಂಗಳೂರಲ್ಲಿವೆ. ನಮಗೆ ಮಾವನೇ ಸಿಕ್ಕರು. ಭಾನುವಾರ ಬೆಳಗ್ಗೆ ಬಸ್ಸಲ್ಲಿ ಬಂದಿಳಿದಾಗ ಅವರ ಚೀಲದಲ್ಲಿ ರಸಮಟ್ಟ, ತೂಗುಗುಂಡು, ಟೇಪು ಮತ್ತು ಉದ್ದದ ಪ್ಲಾಸ್ಟಿಕ್ ಪೈಪು ಇತ್ತು. ನಮ್ಮ ಹತ್ರ ಫೋನಿನ ಲೆವೆಲ್ ಆ್ಯಪ್ ಇತ್ತು. ಮಾವ ಅದನ್ನ ನೋಡಿ, “ಇರ್ಲಿ ಕಣ್ರೋ, ಮೊದ್ಲು ಒಂದು ಬಕೆಟ್ ನೀರು ತನ್ನಿ” ಅಂದರು.

ನೀರನ್ನ ಬಾತ್‌ರೂಮಿನ ನೆಲಕ್ಕೆ ಸುರಿದರು. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಿದ್ದರೂ ನೀರು ತಾನಾಗೇ ಜಾಲರಿ ಕಡೆ ಹೋಗುತ್ತೆ. ನಮ್ಮಲ್ಲಿ ಅದು ನಿಧಾನವಾಗಿ ಬಾಗಿಲ ಕಡೆ ಬಂತು. ಆಮೇಲೆ ಟೈಲ್ಸ್. ಮರದ ಕೋಲಿನಿಂದ ಒಂದೊಂದನ್ನೂ ತಟ್ಟುತ್ತಾ ಹೋದರು. ಕೆಳಗೆ ಗಾರೆ ಪೂರ್ತಿ ಕೂತಿದ್ದರೆ ಗಟ್ಟಿ ಸದ್ದು, ಗಾಳಿ ಉಳಿದಿದ್ದರೆ ಟೊಳ್ಳು ಸದ್ದು. ಟೊಳ್ಳು ಟೈಲಿನ ಮೇಲೆ ಭಾರ ಬಿದ್ದರೆ ಒಡೆಯುತ್ತೆ. ಹಾಲ್ ಒಂದರಲ್ಲೇ ಹದಿನಾಲ್ಕು ಸಿಕ್ಕವು. ಅಕ್ಕ ಪ್ರತಿಯೊಂದಕ್ಕೂ ಬಣ್ಣದ ಟೇಪ್ ಅಂಟಿಸಿ ಫೋಟೋ ತೆಗೆದಳು.

ತೊಲೆ ಮತ್ತು ಗೋಡೆ ಸೇರೋ ಕಡೆ ಕೂದಲೆಳೆಯಷ್ಟು ಸಣ್ಣ ಬಿರುಕು ಇತ್ತು. ಕಾಂಕ್ರೀಟು, ಬ್ಲಾಕು ಬಿಸಿಲಿಗೆ ಒಂದೇ ರೀತಿ ಹಿಗ್ಗಲ್ಲ, ಅದಕ್ಕೇ ಅವು ಸೇರೋ ಜಾಗಕ್ಕೆ ತಂತಿ ಬಲೆ ಹೊಡೆದು ಪ್ಲಾಸ್ಟರ್ ಮಾಡಬೇಕು. ನಮ್ಮ ಗೋಡೆಯಲ್ಲಿ ಅದು ಬಿಟ್ಟುಹೋಗಿದೆ ಅಂತ ಮಾವನ ಅಂದಾಜು. ಅಡುಗೆಮನೆ ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಅಳೆದು ಗುರುತು ಹಾಕಿ, ಎರಡೂ ಗುರುತಿನ ನಡುವೆ ಟೇಪ್ ಹಿಡಿದರು. ಮೂಲೆ ಸರಿಯಿದ್ದರೆ 5 ಅಡಿ ಬರಬೇಕು, ಒಂದು ಇಂಚು ಜಾಸ್ತಿ ಬಂತು. ಎಂಟನೇ ಕ್ಲಾಸಿನಿಂದ ನಾವು ಪೈಥಾಗೊರಸ್ ಅಂತ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದು ಮಾವನ ಬಾಯಲ್ಲಿ ಬರೀ ‘ಮೂರು-ನಾಲ್ಕು-ಐದು’. ಸ್ಪಿರಿಟ್ ಲೆವೆಲ್ಲಿಗೆ ರಸಮಟ್ಟ ಅಂತಾರೆ ಅನ್ನೋದೂ ಅವತ್ತೇ ಗೊತ್ತಾಗಿದ್ದು.

ಕರೆಂಟಿನ ಕೆಲಸ ನಮಗೆ ಬಿಟ್ಟರು. ಮೂರು ದೀಪದ ಸಾಕೆಟ್ ಟೆಸ್ಟರ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ಒಂದೊಂದು ಪ್ಲಗ್ ಪಾಯಿಂಟಿಗೂ ಹಾಕಿ ನೋಡಿದ್ವಿ. ಫ್ರಿಜ್ ಇಡೋ ಜಾಗದ ಪಾಯಿಂಟಿಗೆ ಅರ್ಥಿಂಗೇ ಇರಲಿಲ್ಲ. ಡಿಬಿ ಬಾಕ್ಸಿನ ಆರ್‌ಸಿಸಿಬಿ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತೆ, ಒತ್ತಿದರೆ ತಕ್ಷಣ ಕರೆಂಟ್ ಹೋಗಬೇಕು. ನಮ್ಮದು ಹೋಯ್ತು, ಅದೊಂದು ಸಮಾಧಾನ.

ಸಂಜೆ ಹೊತ್ತಿಗೆ ಪಟ್ಟಿಯಲ್ಲಿ 37 ಐಟಂ ಇದ್ದವು. ಮಾರನೇ ದಿನ ಆಫೀಸಿನಲ್ಲಿ ಪಟ್ಟಿ ಕೊಟ್ಟಾಗ ಸೈಟ್ ಇಂಜಿನಿಯರ್ ನಗುತ್ತಲೇ, “ಸಾರ್, ಇವತ್ತು ಸೈನ್ ಮಾಡ್ಬಿಡಿ, ಇವೆಲ್ಲ ಸಣ್ಣಪುಟ್ಟದ್ದು, ಆಮೇಲೆ ಮಾಡ್ಕೊಡ್ತೀವಿ” ಅಂದರು. ಅಪ್ಪ ಪೆನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತರು. ಸೈನ್ ಮಾಡದಿದ್ದರೆ ಮುಹೂರ್ತ ತಪ್ಪುತ್ತೆ, ಇನ್ನೆರಡು ತಿಂಗಳು ಬಾಡಿಗೆ ಮತ್ತು ಇಎಂಐ ಎರಡೂ ಕಟ್ಟಬೇಕು. ಮಾಡಿದರೆ ಆ ‘ಆಮೇಲೆ’ ಯಾವತ್ತು ಬರುತ್ತೋ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ವಶಕ್ಕೆ ಬಂದ 5 ವರ್ಷದೊಳಗೆ ಕಟ್ಟಡದ್ದೋ ಕೆಲಸದ್ದೋ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಅದನ್ನ ನಾವು ಓದಿಕೊಂಡೇ ಹೋಗಿದ್ವಿ. ಆದರೆ ಸಾಮಾನು ತುಂಬಿದ ಮನೆಯಲ್ಲಿ ಬಾತ್‌ರೂಮ್ ನೆಲ ಅಗೆಯೋದು ಅಂದ್ರೆ ಏನು ಅಂತ ಯೋಚಿಸಿದರೇ ಸುಸ್ತಾಗುತ್ತೆ.

ಕೊನೆಗೆ ಮಾತಾಡಿದ್ದು ಅಮ್ಮ. “ಹದಿನೆಂಟು ವರ್ಷ ಕಾದಿದೀವಿ, ಆಷಾಢ ಒಂದು ಕಳೀಲಿ ಬಿಡ್ರಿ. ಶ್ರಾವಣದಲ್ಲಿ ಹಾಲುಕ್ಕಿಸೋಣ.” ಬಳೆ ಕೊಟ್ಟವರ ಮಾತು, ಯಾರೂ ಎದುರಾಡಲಿಲ್ಲ. ಪಟ್ಟಿಯನ್ನ ಫೋಟೋ ಸಮೇತ ಇಮೇಲ್ ಮಾಡಿ, ಕೆಲಸ ಮುಗಿದ ಮೇಲೆ ಸೈನ್ ಮಾಡ್ತೀವಿ ಅಂತ ಬರೆದ್ವಿ.

ಆಮೇಲಿನ ಒಂದೂವರೆ ತಿಂಗಳು ವಾರಕ್ಕೆರಡು ಸಲ ಹೋಗಿ ನಿಂತು ನೋಡಿದ್ದೇ ಕೆಲಸ. ಟೈಲ್ಸ್ ಕೀಳೋಕೆ ಬಂದ ಹುಡುಗರು ಬಿಹಾರದವರು, ನಮ್ಮದೇ ವಯಸ್ಸು. ಮಾವ ಒಂದು ದಿನ ಅವರ ಕೆಲಸ ನೋಡಿ, “ಕೈ ಚೆನ್ನಾಗೇ ಇದೆ ಭಾವ, ಟೈಮ್ ಕೊಟ್ಟಿಲ್ಲ ಅಷ್ಟೇ” ಅಂದರು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕಡಿಮೆ ಅಂದ್ರೂ 7 ದಿನ ನೀರುಣಿಸಬೇಕು ಅಂತ ಐಎಸ್ 456 ಹೇಳುತ್ತೆ, ಪರೀಕ್ಷೆಗೆ ನಾವೂ ಬರೆದಿದ್ವಿ. ಆ ಏಳು ದಿನ ಕೊಡೋದು ಬಿಡೋದು ನೀರು ಹಾಕೋ ಹುಡುಗನ ಕೈಲಿಲ್ಲ, ಗಡುವು ಇಟ್ಟವರ ಕೈಲಿದೆ.

37ರಲ್ಲಿ 35 ಸರಿಯಾದವು. ಅಡುಗೆಮನೆ ಮೂಲೆ ಹಾಗೇ ಇದೆ, ಕಪಾಟಿನ ಹಲಗೆಯನ್ನೇ ಓರೆಯಾಗಿ ಕತ್ತರಿಸಿ ಕೂರಿಸಿದ್ವಿ. ಬಾಲ್ಕನಿ ಬಾಗಿಲು ಇನ್ನೂ ಉಜ್ಜುತ್ತೆ. ಅವೆರಡನ್ನೂ ಕಾಗದದ ಮೇಲೆ ಕೈಯಲ್ಲಿ ಬರೆದು, ಅದರ ಕೆಳಗೆ ಅಪ್ಪ ಸೈನ್ ಮಾಡಿದರು.

ನಿಮ್ಮ ಮನೆಯಲ್ಲೂ ಯಾರಾದರೂ ಫ್ಲ್ಯಾಟ್ ತಗೊಳ್ತಿದ್ದರೆ ಕೋಲು, ಸಾಕೆಟ್ ಟೆಸ್ಟರ್, ಒಂದು ಬಕೆಟ್ ತಗೊಂಡು ಹಗಲು ಹೊತ್ತಿನಲ್ಲೇ ಹೋಗಿ. ಗುರುತಿನ ಮೇಸ್ತ್ರಿ ಇದ್ದರೆ ಅವರನ್ನೂ ಕರ್ಕೊಂಡು ಹೋಗಿ, ಊಟ ಹಾಕಿಸಿ ಕಳಿಸಿ. ನಮ್ಮ ಮಾವನಂತೂ ಬಸ್ ಚಾರ್ಜ್ ಕೂಡ ತಗೊಳ್ಳಲಿಲ್ಲ.